1952ರ ಒಲಿಂಪಿಕ್ಸ್ 100 ಮೀಟರ್ ಓಟದಲ್ಲಿ ನಾಲ್ವರಿಗೂ ಒಂದೇ ಸಮಯ ಬಂದಿದ್ದರೆ ಚಿನ್ನ ಯಾರಿಗೆ ಅಂತ ಹೇಗೆ ತೀರ್ಮಾನಿಸಿದರು?

ಫೋಟೋ ನೋಡಿ ತೀರ್ಮಾನಿಸಿದರು. ಹೆಲ್ಸಿಂಕಿಯ ಆ ಫೈನಲ್‌ನಲ್ಲಿ ಮೊದಲ ನಾಲ್ವರಿಗೂ ಸಿಕ್ಕಿದ್ದು 10.4 ಸೆಕೆಂಡು. ಆಗ ಅಧಿಕೃತ ಸಮಯವನ್ನು ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ನಿಂದ ಅಳೆದು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಮಾತ್ರ ಬರೆಯುತ್ತಿದ್ದರು. ಅದಕ್ಕಿಂತ ಸಣ್ಣ ಅಂತರ ಅದರಲ್ಲಿ ಕಾಣೋದೇ ಇಲ್ಲ.

ಗೆರೆ ದಾಟಿದ ಮೇಲೆ ಅಮೆರಿಕದ ಲಿಂಡಿ ರೆಮಿಜಿನೊ ತಾನು ಸೋತೆ ಅಂದುಕೊಂಡು, ಜಮೈಕಾದ ಹರ್ಬ್ ಮೆಕೆನ್ಲಿಯನ್ನು ಅಭಿನಂದಿಸಿದ್ದರು! ಫೋಟೋ ಬೇರೆಯೇ ಹೇಳಿತು. ಲೆಕ್ಕಕ್ಕೆ ಬರೋದು ತಲೆಯಲ್ಲ, ಕೈಯಲ್ಲ, ಮುಂಡ. ರೆಮಿಜಿನೊ ಅವರ ಬಲಭುಜ ಕೂದಲೆಳೆಯಷ್ಟು ಮುಂದಿತ್ತು. ಮೆಕೆನ್ಲಿಗೆ ಬೆಳ್ಳಿ, ಬ್ರಿಟನ್ ಪರ ಓಡಿದ ಟ್ರಿನಿಡಾಡ್ ಮೂಲದ ಮೆಕ್‌ಡೊನಾಲ್ಡ್ ಬೈಲಿಗೆ ಕಂಚು. ನಾಲ್ಕನೆಯ ಡೀನ್ ಸ್ಮಿತ್‌ಗೆ ಏನೂ ಇಲ್ಲ.

ನನಗೆ ಜಾಸ್ತಿ ಕಾಡೋದು ಮೆಕೆನ್ಲಿ. 1948ರಲ್ಲಿ 400 ಮೀಟರ್‌ನಲ್ಲಿ ಬೆಳ್ಳಿ. 1952ರಲ್ಲೂ ಅದರಲ್ಲಿ ಬೆಳ್ಳಿ, ಅದೂ ಗೆದ್ದ ಜಾರ್ಜ್ ರೋಡನ್ ಅವರಷ್ಟೇ ಸಮಯ, 45.9! ಕೊನೆಗೆ 4×400 ರಿಲೇಯಲ್ಲಿ ಮೂರನೇ ಓಟಗಾರನಾಗಿ ತಮ್ಮ ಸುತ್ತನ್ನು 44.6ರಲ್ಲಿ ಓಡಿದರು. ಜಮೈಕಾ 3:03.9ರ ವಿಶ್ವದಾಖಲೆಯೊಂದಿಗೆ ಗೆದ್ದಿತು, ಅಮೆರಿಕ 3:04.0. ಅವರಿಗೆ ಒಲಿಂಪಿಕ್ ಚಿನ್ನ ಸಿಕ್ಕಿದ್ದು ಅದೊಂದೇ.