ಉಳುಮೆ ಬಿಟ್ಟ ಎರೆ ಹೊಲದಲ್ಲಿ ರಂಜಕ ಇದ್ದರೂ ಜೋಳಕ್ಕೆ ಯಾಕೆ ಸಿಗುತ್ತಿಲ್ಲ?

ನೀವು ಪುಣೆಯ ಹಡಪಸರದಲ್ಲಿ ಇದ್ದುಕೊಂಡು ಇಂದಾಪುರದ ಹತ್ತಿರ ಎರೆ (ಕಪ್ಪು ಮಣ್ಣಿನ) ಹೊಲ ಮಾಡಿಸುತ್ತಿದ್ದೀರಿ. ಕೆಲವು ವರ್ಷಗಳಿಂದ ಉಳುಮೆ ಬಿಟ್ಟಿದ್ದೀರಿ. ಮಣ್ಣಿನ ವರದಿಯಲ್ಲಿ ರಂಜಕ ಜಾಸ್ತಿ ಇದೆ, ಆದರೂ ಹಿಂಗಾರಿ ಜೋಳದ ಎಳೆ ಗಿಡ ರಂಜಕ ಸಾಲದಾಗ ಆಗುವಂತೆ ನೇರಳೆ ಬಣ್ಣಕ್ಕೆ ತಿರುಗುತ್ತಿದೆ. ಮತ್ತೆ ರಂಟೆ ಹೊಡೆಸಬೇಕಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾನು ಪುಣೆಯಲ್ಲಿ ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದೇನೆ, ಊರು ವಿಜಯಪುರದ ಕಡೆ. ನನ್ನ ಪ್ರಕಾರ ನಿಮ್ಮ ವರದಿಯೂ ಸುಳ್ಳಲ್ಲ, ಗಿಡವೂ ಸುಳ್ಳು ಹೇಳುತ್ತಿಲ್ಲ. ರಂಜಕ ಇದೆ, ಆದರೆ ಬೇರು ಇರುವ ಕಡೆ ಇಲ್ಲ.

ಯೂರಿಯಾದ ಸಾರಜನಕ ನೀರಿನ ಜೊತೆ ಕೆಳಗೆ ಇಳಿಯುತ್ತದೆ. ರಂಜಕ ಹಾಕಿದ ಜಾಗ ಬಿಟ್ಟು ಒಂದೆರಡು ಸೆಂಟಿಮೀಟರ್ ಸರಿಯುವುದೂ ಕಷ್ಟ. ನಮ್ಮ ಸುಣ್ಣದ ಎರೆಯಲ್ಲಿ ಕ್ಯಾಲ್ಸಿಯಂ ಅದನ್ನು ಹಿಡಿದುಕೊಳ್ಳುತ್ತದೆ. ಕೊಂಕಣ, ಗೋವಾದ ಕೆಂಪು ಮಣ್ಣಿನಲ್ಲಿ ಅದೇ ಕೆಲಸ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾಡುತ್ತವೆ. 50 ಕೆಜಿ ಡಿಎಪಿ ಗೊಬ್ಬರದ ಚೀಲದಲ್ಲಿ ಪಿ2ಒ5 (ಚೀಲದ ಮೇಲೆ ರಂಜಕವನ್ನು ಬರೆಯುವ ರೀತಿ) ಲೆಕ್ಕದಲ್ಲಿ 23 ಕೆಜಿ ಇರುತ್ತದೆ. ಮೊದಲ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಅದರ ಐದನೇ ಒಂದು ಪಾಲು, ಇಲ್ಲವೇ ಇನ್ನೂ ಕಡಿಮೆ.

ಉತ್ತಾಗ ಗೊಬ್ಬರ 15-20 ಸೆಂ.ಮೀ. ಆಳದವರೆಗೆ ಬೆರೆಯುತ್ತದೆ. ಆದರೆ ಅಷ್ಟೂ ಹೊಸ ಮಣ್ಣಿಗೆ ತಗುಲಿ ಹೆಚ್ಚು ರಂಜಕ ಗಟ್ಟಿಯಾಗಿ ಅಂಟುತ್ತದೆ. ಬೇರಿಗೆ ದೂರದಿಂದ ರಂಜಕ ತಂದುಕೊಡುವ ಶಿಲೀಂಧ್ರದ ಎಳೆಗಳೂ ತುಂಡಾಗುತ್ತವೆ. ಉಳುಮೆ ಬಿಟ್ಟರೆ ಗೊಬ್ಬರ, ರವದಿ ಎಲ್ಲ ಮೇಲಿನ 5 ಸೆಂ.ಮೀ.ನಲ್ಲೇ ಸೇರುತ್ತವೆ. ಅಲ್ಲಿನ ಮಣ್ಣು ಹಿಡಿದಿಡುವಷ್ಟು ಹಿಡಿದಾದ ಮೇಲೆ ಉಳಿದ ರಂಜಕವನ್ನು ಸುಲಭವಾಗಿ ಬಿಡುತ್ತದೆ. ಮುಂಗಾರಿ ಬೆಳೆಗೆ ಇದು ಒಳ್ಳೆಯದೇ. ಹಿಂಗಾರಿಯ ಕಥೆ ಬೇರೆ. ಮೇಲ್ಪದರ ಬೇಗ ಒಣಗುತ್ತದೆ, ಬೇರು ತೇವ ಹುಡುಕುತ್ತಾ ಕೆಳಗೆ ಹೋಗುತ್ತದೆ. ಒಣ ಮಣ್ಣಿನಲ್ಲಿ ಎಷ್ಟೇ ರಂಜಕ ಇದ್ದರೂ ಬೇರು ಎಳೆದುಕೊಳ್ಳಲಾರದು. ಎರೆ ಬಿರುಕು ಬಿಟ್ಟಾಗ ಮೇಲಿನ ಮಣ್ಣು ಒಂದಿಷ್ಟು ಒಳಗೆ ಬೀಳುತ್ತದೆ ನಿಜ, ಅದನ್ನೇ ನಂಬಿ ಕೂರಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ಉತ್ತ ಹೊಲದಿಂದ ರಂಜಕ ಮಣ್ಣಿನ ಜೊತೆ ಕೊಚ್ಚಿ ಹೋಗುತ್ತದೆ. ಉಳದ ಹೊಲದಲ್ಲಿ ಮಣ್ಣು ಉಳಿಯುತ್ತದೆ, ಆದರೆ ಮೇಲೆ ಚೆಲ್ಲಿದ ರಂಜಕ ನೀರಲ್ಲಿ ಕರಗಿ ಹೋಗಬಹುದು. ಅಮೆರಿಕದ ಈರಿ ಸರೋವರಕ್ಕೆ ಹೀಗೆ ಕರಗಿ ಬರುವ ರಂಜಕ 1990ರ ದಶಕದ ನಡುವಿನಿಂದ ಏರಿತು. ಉಳುಮೆ ಕಡಿಮೆಯಾದದ್ದು ಅದರ ಕಾರಣಗಳಲ್ಲಿ ಒಂದು, ಒಂದೇ ಕಾರಣ ಅಲ್ಲ. 2014ರ ಆಗಸ್ಟಿನಲ್ಲಿ ಇಂಥ ರಂಜಕದಿಂದ ಸರೋವರದಲ್ಲಿ ಬೆಳೆದ ಪಾಚಿಯ ವಿಷದಿಂದ ದಡದ ಟೊಲೆಡೊ ಊರಿನವರು ನಲ್ಲಿ ನೀರು ಕುಡಿಯುವಂತಿರಲಿಲ್ಲ. ನಿಮ್ಮ ಪಕ್ಕದಲ್ಲಿ ಭೀಮಾ ನದಿಯ ಉಜನಿ ಜಲಾಶಯಕ್ಕೆ ಪುಣೆಯ ಕೊಳಚೆಯೇ ಸಾಕಷ್ಟು ಬರುತ್ತಿದೆ. ಅದೇ ಭೀಮೆ ಮುಂದೆ ನಮ್ಮ ವಿಜಯಪುರ, ಕಲಬುರಗಿಗೆ ಹರಿಯುತ್ತದೆ ಅಲ್ವಾ?

ಹಾಗಾಗಿ ಡಿಎಪಿ ಮೇಲೆ ಎರಚುವುದನ್ನು ನಿಲ್ಲಿಸಿ. ಬಿತ್ತುವಾಗ ಗೊಬ್ಬರದ ಕೂರಿಗೆಯಿಂದ, ಬೀಜಕ್ಕೆ ತಾಗದಂತೆ, ಅದರ ಪಕ್ಕಕ್ಕೆ ಸ್ವಲ್ಪ ಕೆಳಗೆ ತೇವದ ಮಣ್ಣಿಗೆ ಸಾಲಾಗಿ ಬಿಡಿಸಿ. ಅದಕ್ಕೂ ಮೊದಲು 0-5 ಮತ್ತು 5-15 ಸೆಂ.ಮೀ. ಮಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡಿ. 0-15 ಒಟ್ಟಿಗೆ ಬೆರೆಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸುಣ್ಣದ ಮಣ್ಣಾದ್ದರಿಂದ ಅಂಥ ಮಣ್ಣಿನ ರಂಜಕ ಅಳೆಯುವ ಓಲ್ಸೆನ್ ವಿಧಾನದಲ್ಲೇ ಮಾಡಲು ಹೇಳಿ. ಕೆಳಗಿನ ಪದರ ತೀರಾ ಬಡವಾಗಿದ್ದರೆ ಮಾತ್ರ ಒಂದು ಸಲ ಇಳಿಜಾರಿಗೆ ಅಡ್ಡವಾಗಿ ರಂಟೆ ಹೊಡೆಸಿ, ಪ್ರತಿ ವರ್ಷ ಬೇಡ. ಚಳಿ ಜಾಸ್ತಿಯಾದರೂ ಎಲೆ ನೇರಳೆಯಾಗುವುದುಂಟು, ಅದನ್ನೂ ಗಮನಿಸಿ. ಎರಡೂ ಪದರದ ಅಂಕಿ ಬಂದ ಮೇಲೆ ಇಲ್ಲೇ ಬರೆಯಿರಿ, ಎಷ್ಟು ಗೊಬ್ಬರ ಕಡಿಮೆ ಮಾಡಬಹುದು ಅಂತ ನೋಡೋಣ.