ಮುರುಮ್ ಹಾಸಿದರೆ ವಿಷ ಹೋಗುವುದಿಲ್ಲ

ನಮಸ್ಕಾರ ಸರ್. ಬೀದರ್ ಹತ್ತಿರ ಕೆರೆ ದಂಡೆಯಲ್ಲಿ ಮುಚ್ಚಿರುವ ಕೆಮಿಕಲ್ ಫ್ಯಾಕ್ಟರಿ ಜಾಗ ಅಗ್ಗಕ್ಕೆ ಸಿಗುತ್ತಿದೆ, ಮೇಲೆ ಎರಡಡಿ ಮುರುಮ್ (ಗರಸು ಮಣ್ಣು) ಹಾಸಿ ಲೇಔಟ್ ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಬೀದರಿನ ಕೆಂಪು ಜಂಬಿಟ್ಟಿಗೆ ನೋಡಿದ್ದೀರಲ್ವಾ? ಸ್ಪಂಜಿನ ಹಾಗೆ ತೂತು ತೂತು. ನೌಬಾದಿನ ಕರೇಜ್‌ಗೆ, ಅಂದರೆ ಹಳೆ ಕಾಲದ ನೆಲದೊಳಗಿನ ನೀರಿನ ಸುರಂಗಕ್ಕೆ, ನೀರು ಬಂದದ್ದೂ ಈ ಕಲ್ಲಿನಲ್ಲಿ ಇಳಿದೇ. ಅದೇ ದಾರಿಯಲ್ಲಿ ವಿಷವೂ ಇಳಿಯುತ್ತದೆ. ನಮ್ಮ ಕಾಕಾನ ಹೊಲದ ಪಕ್ಕದ ಒಂದು ಘಟಕ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೂ ಮೊದಲ ಮಳೆ ಬಿದ್ದರೆ ಬಾವಿ ನೀರಿನ ಮೇಲೆ ಎಣ್ಣೆ ಪದರ ಮಿಂಚುತ್ತಿತ್ತು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು.

ಮೊದಲು ಅಲ್ಲಿ ಕೆಲಸ ಮಾಡಿದವರನ್ನು ಹುಡುಕಿ. ಡ್ರಮ್ ಎಲ್ಲಿ ತೊಳೆಯುತ್ತಿದ್ದರು, ಕೆಸರು ಎಲ್ಲಿ ಸುರಿಯುತ್ತಿದ್ದರು ಅಂತ ಕೇಳಿ. ಆ ಜಾಗಗಳಲ್ಲೇ ಬೇರೆ ಬೇರೆ ಆಳದ ಮಣ್ಣು ತೆಗೆಸಿ. ಬೋರ್‌ವೆಲ್ ನೀರು, ಕೆರೆ ಹೂಳು ಕೂಡ ಮಾನ್ಯತೆ ಇರುವ ಲ್ಯಾಬ್‌ಗೆ ಕೊಡಿ. ಬರೀ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವುದು) ನೋಡಿ ಸುಮ್ನಾಗಬೇಡಿ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಅಷ್ಟು ಸಣ್ಣ ಪ್ರಮಾಣ ಆ ಮೀಟರ್‌ಗೆ ಗೊತ್ತೇ ಆಗುವುದಿಲ್ಲ.

ಸ್ವಚ್ಛ ಮಾಡಲು ಆಗುವುದೇ ಇಲ್ಲ ಅಂತಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಸರೋವರದ ದಂಡೆಯ ಹಳೆ ಗ್ಯಾಸ್ ಕಾರ್ಖಾನೆ 1975ರಲ್ಲಿ ಪಾರ್ಕ್ ಆಯಿತು. ಆದರೆ ಮಣ್ಣು ಶುದ್ಧ ಮಾಡುವ ಕೆಲಸ ಆಮೇಲೂ ಎಷ್ಟೋ ವರ್ಷ ನಡೆಯಿತು. ಅಲ್ಲಿ ಮನೆ ಕಟ್ಟಲಿಲ್ಲ, ಅದನ್ನೂ ಗಮನಿಸಿ.

2025ರಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆಂದೇ ನಿಯಮ ತಂದಿದೆ. ಮಲಿನ ಮಾಡಿದವರೇ ಖರ್ಚು ಕೊಡಬೇಕು ಅನ್ನುವುದು ಅದರಲ್ಲಿದೆ. ಹಾಗಾಗಿ ರಿಜಿಸ್ಟ್ರಿಗೆ ಮೊದಲೇ ಈ ಜಾಗದ ಸ್ಥಿತಿ ಏನು ಅಂತ ಕೇಳಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ಉತ್ತರ ಬರುವವರೆಗೆ ಮುಂಗಡ ಬೇಡ. ಲ್ಯಾಬ್ ವರದಿ ಬಂದರೆ ಇಲ್ಲೇ ಹಾಕಿ, ಕೂತು ನೋಡೋಣ.