ಕೆಂಟಕಿಯ ಮನೆತನದ ಬೇರು ಹುಡುಕುವುದು: 1850ರ ಹಿಂದಕ್ಕೆ ಹೋಗುವ ದಾರಿ

ನಮಸ್ಕಾರ. ತಮ್ಮ ಸೊಸೆಯ ತವರುಮನೆತನ ಅಮೆರಿಕದ ಕೆಂಟಕಿ ರಾಜ್ಯದ್ದೆಂದೂ, ಅದಕ್ಕೂ ಮೊದಲು ವರ್ಜೀನಿಯಾದಲ್ಲಿದ್ದರೆಂದೂ, 1600ರ ದಶಕಗಳಲ್ಲಿ ಮೂವರು ಅಣ್ಣತಮ್ಮಂದಿರು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದರೆಂದು ಅವರ ಮನೆಯಲ್ಲಿ ಹೇಳುತ್ತಾರೆಂದೂ ಬರೆದಿದ್ದೀರಿ. ಮೊಮ್ಮಗನಿಗಾಗಿ ಎರಡೂ ಕಡೆಯ ವಂಶಾವಳಿ ಬರೆದಿಡಲು ಹೊರಟಾಗ ಅಂತರಜಾಲದಲ್ಲಿ ಸಿಕ್ಕ ವಂಶವೃಕ್ಷವೊಂದು ಆ ಮನೆತನವನ್ನು ಇಂಗ್ಲೆಂಡಿನ ರಾಜನೊಬ್ಬನವರೆಗೆ ಕೊಂಡೊಯ್ದಿದೆ. ಅದನ್ನು ನಂಬಬಹುದೇ, ಇಲ್ಲವಾದರೆ ಎಲ್ಲಿಂದ ಆರಂಭಿಸಬೇಕು ಎಂಬುದು ತಮ್ಮ ಪ್ರಶ್ನೆ. ನನ್ನ ಅಳಿಯನ ಮನೆತನವೂ ಅದೇ ಸೀಮೆಯದಾದ್ದರಿಂದ ಕೆಲವು ವರ್ಷಗಳಿಂದ ನಾನು ಈ ಕೆಲಸದಲ್ಲಿ ತೊಡಗಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಆ ವಂಶವೃಕ್ಷವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹಣವಂತ ಮನೆತನಗಳಿಗೆ ಬೇಕಾದಂಥ ಪೂರ್ವಜರನ್ನು ಹೊಂದಿಸಿ ಕೊಡುವವರೇ ಇದ್ದರು. ಗುಸ್ಟಾವ್ ಆಂಜೂ ಎಂಬಾತ ಹೀಗೆ ಸುಳ್ಳು ವಂಶಾವಳಿಗಳನ್ನು ತಯಾರಿಸಿದ್ದಕ್ಕೇ ಕುಖ್ಯಾತ. ಅಂಥ ಪುಸ್ತಕಗಳಲ್ಲಿದ್ದ ಹೆಸರುಗಳು ಇಂದಿಗೂ ಒಂದು ಮರದಿಂದ ಇನ್ನೊಂದಕ್ಕೆ ನಕಲಾಗುತ್ತಲೇ ಇವೆ. ಮೂವರು ಅಣ್ಣತಮ್ಮಂದಿರ ಕಥೆಯೂ ಅಷ್ಟೇ, ಅಮೆರಿಕದ ಎಷ್ಟೋ ಮನೆಗಳಲ್ಲಿ ಅದೇ ಕಥೆಯನ್ನು ಹೇಳುತ್ತಾರೆ. ಕಥೆ ಸುಳ್ಳೇ ಆಗಿರಬೇಕೆಂದಿಲ್ಲ, ಆದರೆ ಅದನ್ನು ಆಧಾರವೆಂದು ಹಿಡಿಯಲಾಗದು. ಕಡಲಾಚೆಯಿಂದ ಈಚೆಗೆ ಬರುವ ಬದಲು ತಿಳಿದಿರುವ ಅಜ್ಜನಿಂದ ಮುತ್ತಜ್ಜನಿಗೆ, ಮುತ್ತಜ್ಜನಿಂದ ಅವನ ತಂದೆಗೆ, ಒಂದೊಂದು ಕೊಂಡಿಗೂ ಒಂದೊಂದು ದಾಖಲೆ ಹಿಡಿದು ಹಿಂದಕ್ಕೆ ಹೋಗಬೇಕು.

ಇದಕ್ಕೆ ಅಬ್ರಹಾಂ ಲಿಂಕನ್ನರ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1859ರಲ್ಲಿ ತಮ್ಮ ಬಗ್ಗೆ ಬರೆದುಕೊಟ್ಟ ಟಿಪ್ಪಣಿಯಲ್ಲಿ ಅವರು, ತಮ್ಮ ಅಜ್ಜ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಕೆಂಟಕಿಗೆ ಬಂದವರು, ಅದಕ್ಕೂ ಹಿಂದಿನವರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರು ಎಂದು ಹೇಳಿ, ಮ್ಯಾಸಚೂಸೆಟ್ಸ್ ಮೊದಲಾದ ರಾಜ್ಯಗಳಿರುವ ನ್ಯೂ ಇಂಗ್ಲೆಂಡ್ ಸೀಮೆಯ ಅದೇ ಹೆಸರಿನ ಮನೆತನಕ್ಕೂ ತಮಗೂ ಸಂಬಂಧ ಹುಡುಕಿದಾಗ ಮೊರ್ಡಕೈ, ಸಾಲೊಮನ್, ಅಬ್ರಹಾಂ ಮೊದಲಾದ ಹೆಸರುಗಳ ಹೋಲಿಕೆಗಿಂತ ಹೆಚ್ಚಿನದೇನೂ ಸಿಗಲಿಲ್ಲವೆಂದು ಬರೆದಿದ್ದಾರೆ. ಹೆಸರು ಹೋಲುತ್ತದೆ ಎಂಬ ಕಾರಣಕ್ಕೆ ಅವರು ಗಂಟು ಹಾಕಲಿಲ್ಲ. ಆಮೇಲೆ ಬಂದ ಸಂಶೋಧಕರು ಮ್ಯಾಸಚೂಸೆಟ್ಸ್, ನ್ಯೂಜರ್ಸಿ, ಪೆನ್ಸಿಲ್ವೇನಿಯಾ, ವರ್ಜೀನಿಯಾಗಳ ಉಯಿಲು ಮತ್ತು ಜಮೀನು ಪತ್ರಗಳನ್ನು ಜೋಡಿಸಿ, 1637ರಲ್ಲಿ ಮ್ಯಾಸಚೂಸೆಟ್ಸಿಗೆ ಬಂದು ಹಿಂಗ್‌ಹ್ಯಾಮ್ ಎಂಬ ಊರಿನಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಲಿಂಕನ್‌ವರೆಗೆ ಸರಪಣಿಯನ್ನು ಮುಟ್ಟಿಸಿದರು. ದೇಶದ ಅಧ್ಯಕ್ಷರಾದವರಿಗೇ ತಿಳಿಯದಿದ್ದ ಸಂಬಂಧವನ್ನು ಜಮೀನಿನ ಕಾಗದಗಳು ಹೇಳಿದವು.

ಈಗ ಕೆಲಸಕ್ಕೆ ಬರೋಣ. ಸೊಸೆಯ ಅಜ್ಜ ಅಜ್ಜಿಯರಿಂದ ಹಿಂದಕ್ಕೆ 1950ರಿಂದ 1850ರವರೆಗಿನ ಜನಗಣತಿಗಳನ್ನು ಹತ್ತು ಹತ್ತು ವರ್ಷಕ್ಕೆ ಒಂದರಂತೆ ಹಿಡಿದು ಹೋದರೆ ಮೊದಲ ಹಂತ ಮುಗಿಯುತ್ತದೆ. ಇದರಲ್ಲಿ 1890ರ ಗಣತಿ ಮಾತ್ರ ಬಹುಪಾಲು ಇಲ್ಲ, ವಾಷಿಂಗ್ಟನ್ನಿನಲ್ಲಿ 1921ರಲ್ಲಿ ಬಿದ್ದ ಬೆಂಕಿಗೆ ಅದು ಬಲಿಯಾಯಿತು. 1850ರ ಗಣತಿಯೇ ಮನೆಯ ಸ್ವತಂತ್ರ ವ್ಯಕ್ತಿಗಳೆಲ್ಲರ ಹೆಸರು, ವಯಸ್ಸು, ಹುಟ್ಟಿದ ರಾಜ್ಯಗಳನ್ನು ಬರೆದ ಮೊದಲ ಗಣತಿ. ಆದರೆ ಯಜಮಾನನಿಗೆ ಏನಾಗಬೇಕು ಎಂಬ ಕಲಂ 1880ರವರೆಗೆ ಇಲ್ಲ. ಆದ್ದರಿಂದ 1850ರಲ್ಲಿ ಒಂದೇ ಮನೆಯಲ್ಲಿರುವ ಮಕ್ಕಳೆಲ್ಲ ಆ ದಂಪತಿಗಳ ಮಕ್ಕಳೇ ಎಂದು ಬರೆದುಕೊಳ್ಳಬೇಡಿ. ತಮ್ಮನ ಮಕ್ಕಳಿರಬಹುದು, ಮೊದಲ ಹೆಂಡತಿಯ ಮಕ್ಕಳಿರಬಹುದು.

1840ರಿಂದ 1790ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರೊಂದೇ ಇದ್ದು, ಉಳಿದವರೆಲ್ಲ ವಯಸ್ಸಿನ ಕಲಂಗಳಲ್ಲಿ ಬರಿಯ ಅಂಕೆಗಳಾಗಿದ್ದಾರೆ. ನಿರಾಶರಾಗಬೇಡಿ. ಹತ್ತರಿಂದ ಹದಿನೈದರ ಕಲಂನಲ್ಲಿ 1830ರಲ್ಲಿ ಕಂಡ ಹುಡುಗ 1840ರಲ್ಲಿ ಇಪ್ಪತ್ತರಿಂದ ಮೂವತ್ತರ ಕಲಂಗೆ ಸರಿದಿರಬೇಕು. ಇಲ್ಲವಾದರೆ ಅವನು ಸತ್ತಿದ್ದಾನೆ ಅಥವಾ ಬೇರೆ ಮನೆ ಮಾಡಿದ್ದಾನೆ. ಇಂಥ ಪಟ್ಟಿಯೊಂದನ್ನು ಮನೆಗೊಂದರಂತೆ ಬರೆದುಕೊಂಡರೆ ಅರ್ಧ ಗೊಂದಲ ತಿಳಿಯಾಗುತ್ತದೆ. 1840ರ ಹಾಳೆಯಲ್ಲಿ ಸ್ವಾತಂತ್ರ್ಯ ಯುದ್ಧದ ಪಿಂಚಣಿ ಪಡೆಯುತ್ತಿದ್ದ ಮುದುಕರ ಹೆಸರು, ವಯಸ್ಸುಗಳಿಗೆ ಪ್ರತ್ಯೇಕ ಕಲಂ ಇದೆ, ಅದನ್ನು ತಪ್ಪದೆ ನೋಡಿ.

ಕೆಂಟಕಿಯ 1790 ಮತ್ತು 1800ರ ಗಣತಿಗಳು ಉಳಿದಿಲ್ಲ, ವರ್ಜೀನಿಯಾದವೂ ಬಹುಪಾಲು ಉಳಿದಿಲ್ಲ. ಆ ಜಾಗ ತುಂಬುವುದು ತೆರಿಗೆ ಪಟ್ಟಿಗಳು. ವರ್ಜೀನಿಯಾದಲ್ಲಿ 1782ರಿಂದಲೂ, ಕೆಂಟಕಿ ರಾಜ್ಯವಾದ 1792ರಿಂದಲೂ ಇವು ಸಿಗುತ್ತವೆ. ಹದಿನಾರು ತುಂಬಿದ ಗಂಡುಮಕ್ಕಳ ಎಣಿಕೆ, ಇಪ್ಪತ್ತೊಂದು ದಾಟಿದವರ ಹೆಸರು, ಕುದುರೆಗಳೆಷ್ಟು ಎಂಬುದೆಲ್ಲ ಇವುಗಳಲ್ಲಿದೆ. ಕೆಂಟಕಿಯ ಪಟ್ಟಿಯಲ್ಲಂತೂ ಜಮೀನು ಯಾವ ತೊರೆಯ ದಡದಲ್ಲಿದೆ, ಮೂಲತಃ ಯಾರ ಹೆಸರಿಗೆ ಮಂಜೂರಾಗಿತ್ತು ಎಂಬುದನ್ನೂ ಬರೆಯುತ್ತಿದ್ದರು. ಒಂದು ವರ್ಷದ ಪಟ್ಟಿ ನೋಡಿ ಬಿಡಬೇಡಿ, ಸಾಲಾಗಿ ಇಪ್ಪತ್ತು ವರ್ಷ ಓದಿ. ಹೊಸ ಹೆಸರೊಂದು ಅದೇ ತೊರೆಯ ದಡದಲ್ಲಿ, ಜಮೀನಿಲ್ಲದೆ, ಒಂದೇ ಕುದುರೆಯೊಂದಿಗೆ ಕಾಣಿಸಿಕೊಂಡರೆ ಯಾರದೋ ಮಗನಿಗೆ ಇಪ್ಪತ್ತೊಂದು ತುಂಬಿರುವ ಸಾಧ್ಯತೆ ಹೆಚ್ಚು. ತಂದೆಯ ಹೆಸರಿದ್ದ ಜಾಗದಲ್ಲಿ ತಾಯಿಯ ಹೆಸರು ಬಂದರೆ ಆ ವರ್ಷದ ಆಸುಪಾಸಿನಲ್ಲಿ ಉಯಿಲು ಹುಡುಕಬೇಕು.

ಕ್ರಯಪತ್ರಗಳ ವಿಷಯದಲ್ಲಿ ನನ್ನಿಂದಾದ ತಪ್ಪೊಂದನ್ನು ಹೇಳಲೇಬೇಕು. ಒಂದೇ ಕೌಂಟಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದುದನ್ನು ಗಮನಿಸದೆ ಇಬ್ಬರ ದಾಖಲೆಗಳನ್ನೂ ಒಬ್ಬನ ತಲೆಗೆ ಕಟ್ಟಿ, ಒಂದಿಡೀ ವರ್ಷ ತಪ್ಪು ಮನೆತನದ ಬೆನ್ನು ಹತ್ತಿದ್ದೆ. ಪತ್ರಗಳಲ್ಲಿ ಒಬ್ಬನಿಗೆ ಹಿರಿಯ, ಇನ್ನೊಬ್ಬನಿಗೆ ಕಿರಿಯ ಎಂದು ಬರೆದಿದ್ದರಿಂದ ಅವರನ್ನು ತಂದೆ ಮಗ ಎಂದೇ ತಿಳಿದಿದ್ದೆ. ಆ ಕಾಲದಲ್ಲಿ ಹಾಗೆ ಬರೆಯುತ್ತಿದ್ದುದು ಒಂದೇ ಹೆಸರಿನ ಇಬ್ಬರಲ್ಲಿ ಯಾರು ದೊಡ್ಡವರು ಎಂದು ಗುರುತಿಸಲಷ್ಟೇ. ಅವರು ದೊಡ್ಡಪ್ಪ ಮತ್ತು ತಮ್ಮನ ಮಗ ಆಗಿರಬಹುದು, ಸಂಬಂಧವೇ ಇಲ್ಲದಿರಬಹುದು. ನನ್ನನ್ನು ತಿದ್ದಿದ್ದು ಹೆಂಡತಿಯ ಹೆಸರು. ಗಂಡನ ಜಮೀನಿನಲ್ಲಿ ವಿಧವೆಗೆ ಮೂರನೆಯ ಒಂದು ಪಾಲಿನ ಜೀವಿತಾವಧಿ ಹಕ್ಕಿದ್ದುದರಿಂದ, ಜಮೀನು ಮಾರುವಾಗ ಹೆಂಡತಿಯನ್ನು ಗಂಡನಿಂದ ಬೇರೆಯಾಗಿ ಕೂರಿಸಿ, ನಿನ್ನ ಇಷ್ಟದಿಂದಲೇ ಈ ಹಕ್ಕು ಬಿಡುತ್ತಿರುವೆಯಾ ಎಂದು ಕೇಳಿ, ಅದನ್ನು ಪತ್ರದ ಕೊನೆಗೆ ದಾಖಲಿಸುತ್ತಿದ್ದರು. ತೊರೆಯ ಮೇಲ್ದಂಡೆಯವನ ಹೆಂಡತಿ ಸಾರಾ, ಕೆಳದಂಡೆಯವನ ಹೆಂಡತಿ ಮಾರ್ಗರೆಟ್ ಎಂದು ಕಂಡ ದಿನ ಇಬ್ಬರೂ ಬೇರೆಯಾದರು.

ಪತ್ರದ ಚೆಕ್ಕುಬಂದಿಯನ್ನು ಪೂರ್ತಿ ಬರೆದುಕೊಳ್ಳಿ. ತೊರೆಯ ದಡದ ಬಿಳಿ ಓಕ್ ಮರದಿಂದ ಉತ್ತರಕ್ಕೆ ಇಷ್ಟು ಪೋಲ್, ಅಲ್ಲಿಂದ ಇಂಥವರ ಗಡಿಗುಂಟ ಹಿಕ್ಕರಿ ಮರದವರೆಗೆ ಎಂದು ಅಲ್ಲಿಯೂ ಬರೆಯುತ್ತಿದ್ದರು. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ. ಆ ನೆರೆಹೊರೆಯವರೇ ಮುಂದೆ ಬೀಗರಾಗಿ, ಉಯಿಲಿನ ಸಾಕ್ಷಿಗಳಾಗಿ, ಕೆಂಟಕಿಗೆ ಜೊತೆಯಲ್ಲಿ ಹೊರಟವರಾಗಿ ಕಾಣಿಸಿಕೊಳ್ಳುತ್ತಾರೆ. ಒಂದೇ ಡಾಲರಿಗೆ ಅಥವಾ ಐದು ಶಿಲಿಂಗಿಗೆ, ಪ್ರೀತಿ ವಾತ್ಸಲ್ಯದ ಕಾರಣಕ್ಕೆ ಕೊಟ್ಟಿದ್ದೇನೆ ಎಂಬ ಪತ್ರ ಸಿಕ್ಕರೆ ಅದು ಸಾಮಾನ್ಯವಾಗಿ ಮಗನಿಗೋ ಅಳಿಯನಿಗೋ ಮಾಡಿದ ದಾನ.

ಉಯಿಲಿನಲ್ಲಿ ಹಿರಿಮಗನ ಹೆಸರಿಲ್ಲವೆಂದ ಮಾತ್ರಕ್ಕೆ ಅವನು ಮಗನಲ್ಲ ಎನ್ನಬೇಡಿ. ಉಯಿಲಿಲ್ಲದೆ ಸತ್ತವನ ಜಮೀನು ಹಿರಿಮಗನಿಗೇ ಹೋಗುವ ಪದ್ಧತಿಯನ್ನು ವರ್ಜೀನಿಯಾ 1785ರ ಕಾನೂನಿನಿಂದ ತೆಗೆದುಹಾಕಿತು. ಅದು ಜಾರಿಗೆ ಬಂದದ್ದು 1787ರಲ್ಲಿ. ಅಲ್ಲಿಯವರೆಗೆ ಜಮೀನು ಹೇಗೂ ಅವನಿಗೇ ಹೋಗುತ್ತಿದ್ದುದರಿಂದ ತಂದೆ ಅವನ ಹೆಸರನ್ನು ಬರೆಯದೆ ಬಿಟ್ಟಿರಬಹುದು. ಲಿಂಕನ್ನರ ಅಜ್ಜ, ಆಗಿನ್ನೂ ವರ್ಜೀನಿಯಾಕ್ಕೇ ಸೇರಿದ್ದ ಕೆಂಟಕಿಯಲ್ಲಿ, 1786ರಲ್ಲಿ ಕೊಲೆಯಾದಾಗ ಆಸ್ತಿ ಹಿರಿಮಗ ಮೊರ್ಡಕೈಗೆ ಹೋಗಿ, ಕಿರಿಮಗ ಥಾಮಸ್, ಅಂದರೆ ಅಧ್ಯಕ್ಷರ ತಂದೆ, ಬರಿಗೈಯಲ್ಲಿ ಬೆಳೆದದ್ದು ಇದೇ ಕಾರಣಕ್ಕೆ. ಸಂಬಂಧಸೂಚಕ ಪದಗಳಲ್ಲೂ ಎಚ್ಚರ ಬೇಕು. ಆಗಿನ ಇಂಗ್ಲಿಷಿನಲ್ಲಿ ಕಸಿನ್ ಎಂದರೆ ತನ್ನ ಸ್ವಂತ ಅಣ್ಣತಮ್ಮಂದಿರ ಮಕ್ಕಳೂ ಆಗುತ್ತಿದ್ದರು, ಮದರ್ ಇನ್ ಲಾ ಎಂದರೆ ಮಲತಾಯಿಯೂ ಆಗುತ್ತಿದ್ದಳು, ಇನ್‌ಫಂಟ್ ಎಂದರೆ ಇಪ್ಪತ್ತೊಂದು ತುಂಬದ ಯಾರೇ ಆಗಿರಬಹುದು. ಪಾಲಿ ಎಂದರೆ ಮೇರಿ, ಪ್ಯಾಟ್ಸಿ ಎಂದರೆ ಮಾರ್ಥಾ, ಸ್ಯಾಲಿ ಎಂದರೆ ಸಾರಾ, ಪೆಗ್ಗಿ ಎಂದರೆ ಮಾರ್ಗರೆಟ್ ಎಂದು ತಿಳಿಯದೆ ಒಬ್ಬಳನ್ನೇ ಇಬ್ಬರು ಹೆಂಡತಿಯರನ್ನಾಗಿ ಮಾಡಿದ ವಂಶವೃಕ್ಷಗಳನ್ನು ನೋಡಿದ್ದೇನೆ.

ಮದುವೆಗೆ ಮುಂಚೆ ವರ ಮತ್ತು ಒಬ್ಬ ಜಾಮೀನುದಾರ ಸೇರಿ ಐವತ್ತು ಪೌಂಡಿನ ಮುಚ್ಚಳಿಕೆ ಬರೆದುಕೊಡುತ್ತಿದ್ದರು. ಜಾಮೀನುದಾರ ಅನೇಕ ವೇಳೆ ಹುಡುಗಿಯ ತಂದೆ ಅಥವಾ ಅಣ್ಣನಾಗಿರುತ್ತಿದ್ದ. ಅಪ್ರಾಪ್ತ ವಯಸ್ಸಿನವಳಾದರೆ ತಂದೆಯ ಒಪ್ಪಿಗೆ ಚೀಟಿಯೂ ಜೊತೆಗಿರುತ್ತದೆ. ಇದು ಸಿಗದಿದ್ದರೆ ಪಕ್ಕದ ಕೌಂಟಿಯಲ್ಲಿ ಹುಡುಕಿ. ಲಿಂಕನ್ನರ ತಂದೆತಾಯಿಯರ ಮದುವೆಯ ದಾಖಲೆ ಲಿಂಕನ್ ಹುಟ್ಟಿದ ಹಾರ್ಡಿನ್ ಕೌಂಟಿಯಲ್ಲಿ ಸಿಗಲಿಲ್ಲವೆಂದು ಅವರ ಹುಟ್ಟಿನ ಬಗ್ಗೆಯೇ ಕೆಟ್ಟ ಮಾತುಗಳು ಹಬ್ಬಿದ್ದವು. ಕೊನೆಗೆ 1806ರ ಆ ಮದುವೆಯ ಮುಚ್ಚಳಿಕೆ ಸಿಕ್ಕಿದ್ದು ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ. ಕೌಂಟಿಗಳು ಒಡೆಯುತ್ತಲೂ ಇದ್ದವು. ಲಿಂಕನ್ ಹುಟ್ಟಿದ ಜಾಗ ಈಗ ಲಾರೂ ಕೌಂಟಿಯಲ್ಲಿದೆ, ಅದು ರಚನೆಯಾದದ್ದು 1843ರಲ್ಲಿ. ಒಂದು ಕುಟುಂಬ ಮನೆ ಬಿಟ್ಟು ಕದಲದೆಯೇ ಎರಡು ಮೂರು ಕೌಂಟಿಗಳ ಪುಸ್ತಕಗಳಲ್ಲಿ ಕಾಣಿಸಬಹುದಾದ್ದರಿಂದ ಯಾವ ಕೌಂಟಿ ಯಾವುದರಿಂದ ಯಾವಾಗ ಒಡೆಯಿತು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ವರ್ಜೀನಿಯಾದ ಕೆಲವು ಕೌಂಟಿಗಳು ಸುರಕ್ಷಿತವಾಗಿರಲೆಂದು ರಾಜಧಾನಿ ರಿಚ್ಮಂಡಿಗೆ ಕಳುಹಿಸಿದ ಪುಸ್ತಕಗಳು 1865ರ ಏಪ್ರಿಲಿನಲ್ಲಿ ನಗರಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು. ಅಂಥ ಕಡೆ ರಾಜ್ಯಕ್ಕೆ ಕಳುಹಿಸಿದ್ದ ತೆರಿಗೆ ಪಟ್ಟಿಯ ಪ್ರತಿಗಳೇ ಗತಿ.

ಮನೆತನದಲ್ಲಿ ಯಾರಾದರೂ 1775ರಿಂದ 1783ರ ಸ್ವಾತಂತ್ರ್ಯ ಯುದ್ಧದಲ್ಲಿದ್ದರೆ ಪಿಂಚಣಿ ಕಡತವನ್ನು ಬಿಡಬೇಡಿ. 1832ರ ಕಾಯಿದೆಯಂತೆ ಅರ್ಜಿ ಹಾಕಿದ ಮುದುಕರನ್ನು ಎಲ್ಲಿ, ಯಾವ ವರ್ಷ ಹುಟ್ಟಿದಿರಿ, ಸೈನ್ಯಕ್ಕೆ ಸೇರಿದಾಗ ಎಲ್ಲಿದ್ದಿರಿ, ಆಮೇಲೆ ಎಲ್ಲೆಲ್ಲಿ ವಾಸವಿದ್ದಿರಿ ಎಂದು ನ್ಯಾಯಾಲಯದಲ್ಲಿ ಕೇಳುತ್ತಿದ್ದರು. 1836ರ ನಂತರ ವಿಧವೆಯರು ಮದುವೆಯನ್ನು ಸಾಬೀತುಪಡಿಸಬೇಕಾಯಿತು. ಅಳಿಯನ ಮನೆತನದ ಒಂದು ಕಡತದಲ್ಲಿ ಅಂಥ ವಿಧವೆ ಮನೆಯ ಬೈಬಲಿನಿಂದ ಹರಿದು ಕಳುಹಿಸಿದ ಹಾಳೆಯೇ ಇದೆ: ಹೊಲಿಗೆಯ ಕಡೆಯ ಅಂಚು ಹಲ್ಲುಹಲ್ಲಾಗಿ ಹರಿದಿದೆ, ಶಾಯಿ ಕಂದಿದೆ, ಒಂಬತ್ತು ಮಕ್ಕಳ ಹೆಸರುಗಳ ಕೆಳಗೆ ಬೇರೆ ಕೈಬರಹದಲ್ಲಿ ಎರಡು ಸಾವುಗಳ ದಿನಾಂಕಗಳಿವೆ. ಆ ಹಾಳೆ ಆಕೆಗೆ ವಾಪಸ್ಸು ಹೋಗಲೇ ಇಲ್ಲ. ಅದನ್ನು ಮೊದಲ ಸಲ ನೋಡಿದಾಗ ಬಹಳ ಹೊತ್ತು ಮುಂದಿನ ಪುಟಕ್ಕೆ ಹೋಗಲಾಗಲಿಲ್ಲ.

ಇನ್ನೊಂದು ವಿಷಯವನ್ನು ತಾವು ಕೇಳಿಲ್ಲ, ಆದರೂ ಹೇಳುತ್ತೇನೆ. ವರ್ಜೀನಿಯಾ, ಕೆಂಟಕಿಗಳ ಉಯಿಲುಗಳಲ್ಲಿ ಮತ್ತು ಸತ್ತವರ ಆಸ್ತಿ ಪಟ್ಟಿಗಳಲ್ಲಿ ಹಾಸಿಗೆ, ನೇಗಿಲು, ಹಸುಗಳ ಸಾಲಿನಲ್ಲೇ ಗುಲಾಮರಾಗಿದ್ದ ಮನುಷ್ಯರ ಹೆಸರುಗಳೂ ಅವರ ಬೆಲೆಯೂ ಇರುತ್ತವೆ. ಸೊಸೆಯ ಮನೆಯವರಿಗೆ ಇದು ಮುಜುಗರವಾಗಬಹುದು. ಆದರೂ ಆ ಹೆಸರುಗಳನ್ನು ಒಂದೂ ಬಿಡದೆ ನಕಲು ಮಾಡಿ, ಎಲ್ಲರಿಗೂ ಕಾಣುವಂತೆ ಹಾಕಿ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಯಜಮಾನರ ಹೆಸರಿದೆಯೇ ಹೊರತು ಗುಲಾಮರ ಹೆಸರಿಲ್ಲ. ಅವರಲ್ಲಿ ಬಹುಪಾಲು ಜನ ಗಣತಿಯಲ್ಲಿ ಮೊದಲ ಬಾರಿ ಹೆಸರಿನಿಂದ ಕಾಣಿಸಿಕೊಂಡದ್ದು 1870ರಲ್ಲಿ. ಅಂಥ ಪೂರ್ವಜರನ್ನು ಅದಕ್ಕೂ ಹಿಂದೆ ಹುಡುಕುವ ಅವರ ವಂಶದವರಿಗೆ ತಮ್ಮ ಕೈಯಲ್ಲಿರುವ ಆ ಉಯಿಲೇ ಏಕೈಕ ಆಧಾರವಾಗಿರಬಹುದು.

ದಿನಾಂಕಗಳ ಬಗ್ಗೆ ಒಂದೇ ಮಾತು: 1752ರವರೆಗೆ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಫೆಬ್ರವರಿ 1731/32 ಎಂದು ಎರಡು ವರ್ಷ ಬರೆದಿದ್ದರೆ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ.

ಇವುಗಳಲ್ಲಿ ಬಹುಪಾಲನ್ನು ಫ್ಯಾಮಿಲಿಸರ್ಚ್ ತಾಣದಲ್ಲಿ ಹಣವಿಲ್ಲದೆ ನೋಡಬಹುದು. ಕೈಬರಹದ ಹಳೆಯ ಕ್ರಯಪತ್ರ, ಉಯಿಲುಗಳನ್ನು ಗಣಕವೇ ಓದಿ ಹೆಸರು ಹುಡುಕಿಕೊಡುವ ಸೌಲಭ್ಯ ಈಚೆಗೆ ಅಲ್ಲಿ ಬಂದಿದೆ. ಅದು ತಪ್ಪಾಗಿಯೂ ಓದುವುದರಿಂದ ಮೂಲ ಚಿತ್ರವನ್ನು ತೆರೆದು ನೋಡಲೇಬೇಕು. ವರ್ಜೀನಿಯಾದ ಜಮೀನು ಮಂಜೂರಾತಿಗಳಿಗೆ ರಿಚ್ಮಂಡಿನ ಲೈಬ್ರರಿ ಆಫ್ ವರ್ಜೀನಿಯಾದ ತಾಣವಿದೆ.

ತಾವು ಮೊದಲು ಮಾಡಬೇಕಾದದ್ದು 1850ರ ಗಣತಿಯಲ್ಲಿ ಆ ಮನೆಯನ್ನು ಗುರುತಿಸಿ, ಆ ಪುಟವನ್ನೂ ಅದರ ಹಿಂದಿನ, ಮುಂದಿನ ಪುಟಗಳನ್ನೂ ಇಳಿಸಿಕೊಳ್ಳುವುದು. ಆ ಮನೆಯಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ವಯಸ್ಸಾದವರು ಯಾರಾದರೂ ಇದ್ದಾರೆಯೇ ನೋಡಿ, ಮೂರೂ ಪುಟಗಳ ಚಿತ್ರವನ್ನು ಕೌಂಟಿಯ ಹೆಸರಿನೊಂದಿಗೆ ಇಲ್ಲಿಯೇ ಹಾಕಿ. ಕೈಬರಹ ತಿಳಿಯದಿದ್ದರೆ ನಾನು ಓದಿ ಬರೆಯುತ್ತೇನೆ. ತೆರಿಗೆ ಪಟ್ಟಿಯ ಯಾವ ವರ್ಷದಿಂದ ಹಿಡಿಯಬೇಕೆಂಬುದನ್ನು ಆ ವಯಸ್ಸುಗಳನ್ನು ನೋಡಿ ಹೇಳುತ್ತೇನೆ.